ಹಳೆಯ ಮಾರುತಿ 800ರ ಐಡ್ಲಿಂಗ್ ಏರಿಳಿತ: ಸ್ಕ್ರೂ ಮುಟ್ಟುವ ಮುನ್ನ ನೋಡಬೇಕಾದದ್ದು

ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನಾಗಿ ಆಫ್ ಆಗುವುದು, ಆಫ್ ಆಗದಿರಲೆಂದು ಕಾಲನ್ನು ಆಕ್ಸಿಲರೇಟರ್ ಮೇಲೆಯೇ ಇಟ್ಟುಕೊಳ್ಳಬೇಕಾಗುವುದು, ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಕಾಲದ ಮಾರುತಿ 800 ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ತೊಂದರೆ. ಗ್ಯಾರೇಜಿಗೆ ಒಯ್ದರೆ ಬಹುಪಾಲು ಮೊದಲು ನಡೆಯುವ ಕೆಲಸವೆಂದರೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ಓಡುವ ವೇಗ) ಸ್ಕ್ರೂವನ್ನು ಅರ್ಧ ಸುತ್ತು ಬಿಗಿಮಾಡುವುದು. ಆಗ ಎಂಜಿನ್ ವೇಗ ಏರುತ್ತದೆ, ಆಫ್ ಆಗುವುದೂ ನಿಲ್ಲುತ್ತದೆ. ಆದರೆ ಮೂಲದ ದೋಷ ಇದ್ದಲ್ಲೇ ಇರುವುದರಿಂದ ಕೆಲವು ದಿನಗಳಲ್ಲಿ ತೊಂದರೆ ಮರಳುತ್ತದೆ, ಜೊತೆಗೆ ಮೈಲೇಜ್ ಕೂಡ ಇಳಿದಿರುತ್ತದೆ. ಸ್ಕ್ರೂ ಎಲ್ಲಕ್ಕಿಂತ ಕೊನೆಯಲ್ಲಿ ಮುಟ್ಟಬೇಕಾದ ಭಾಗ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೂ ಮೊದಲು ಗಾಳಿ, ಕಿಡಿ, ವಾಲ್ವ್ ಮತ್ತು ಪೆಟ್ರೋಲನ್ನು ಇದೇ ಕ್ರಮದಲ್ಲಿ ಪರೀಕ್ಷಿಸಬೇಕು.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಆರಂಭದಲ್ಲಿ ತಯಾರಿಕೆ ನಿಂತ ಈ ಕಾರಿನ ಎಂಜಿನ್ 796 ಸಿಸಿಯ ಮೂರು ಸಿಲಿಂಡರಿನ ಎಫ್ 8 ಬಿ. 2000ದ ಆಸುಪಾಸಿನಲ್ಲಿ ಎಂಪಿಎಫ್‌ಐ (ಕಂಪ್ಯೂಟರ್ ಹತೋಟಿಯಲ್ಲಿ ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬರುವವರೆಗೂ ಇದಕ್ಕೆ ಪೆಟ್ರೋಲ್ ಉಣಿಸುತ್ತಿದ್ದದ್ದು ಕಾರ್ಬೊರೇಟರ್. ಇಲ್ಲಿ ಹೇಳುವುದೆಲ್ಲ ಆ ಮಾದರಿಯ ಕಾರುಗಳನ್ನು ಕುರಿತದ್ದು. ಅಳತೆಗಳು ಬೇರೆಯಾದರೂ ಪರೀಕ್ಷೆಯ ಕ್ರಮ ಹಳೆಯ ಓಮ್ನಿ, ಪದ್ಮಿನಿ, ಅಂಬಾಸಡರ್‌ಗಳಿಗೂ ಹೊಂದುತ್ತದೆ.

ಮೊದಲು ಕಿವಿಗೊಡುವುದು

ಮೂರು ಸಿಲಿಂಡರಿನ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ನಾಲ್ಕು ಸಿಲಿಂಡರಿನದರಷ್ಟು ನುಣುಪಾಗಿ ನಿಂತು ಓಡುವುದಿಲ್ಲ. ಸಣ್ಣ ಅದುರು ಅದರ ಹುಟ್ಟುಗುಣ, ಅದನ್ನು ಹೋಗಲಾಡಿಸಲು ಹಣ ಸುರಿಯುವುದು ವ್ಯರ್ಥ. ಸದ್ದು ಸಮನಾಗಿದ್ದು ಸ್ಟೀರಿಂಗ್ ಮತ್ತು ಡ್ಯಾಶ್‌ಬೋರ್ಡ್ ಮಾತ್ರ ನಡುಗುತ್ತಿದ್ದರೆ ಎಂಜಿನ್ ಮೌಂಟಿಂಗ್ ರಬ್ಬರ್ ಕುಸಿದಿದೆಯೇ ಎಂದು ನೋಡಿದರೆ ಸಾಕು.

ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುವಾಗ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 450 ಬಾರಿ ಉರಿಯುತ್ತದೆ. ಮೂರೂ ಸೇರಿದರೆ ಸೆಕೆಂಡಿಗೆ ಇಪ್ಪತ್ತೆರಡೂವರೆ ಬಡಿತ. ಅವುಗಳಲ್ಲಿ ಒಂದು ಸಿಲಿಂಡರ್ ಪೂರ್ತಿ ಸತ್ತಿದ್ದರೆ ಸೆಕೆಂಡಿಗೆ ಏಳೆಂಟು ಬಾರಿ, ಒಂದೇ ಲಯದಲ್ಲಿ, ಬಡಿತ ತಪ್ಪುತ್ತದೆ. ಸೈಲೆನ್ಸರ್ ಬಾಯಿಯ ಹತ್ತಿರ ಕುಳಿತು ಕೇಳಿದರೆ ಈ ಲಯಬದ್ಧವಾದ ಕುಂಟುನಡೆಯನ್ನು ಹೊಸಬರೂ ಗುರುತಿಸಬಹುದು. ಹೀಗೆ ಕೇಳಿಸಿದರೆ ದೋಷ ಒಂದೇ ಸಿಲಿಂಡರಿಗೆ ಸೇರಿದ್ದು: ಪ್ಲಗ್, ಅದರ ವೈರ್, ಅಥವಾ ವಾಲ್ವ್. ವೇಗ ಉಯ್ಯಾಲೆಯಂತೆ ನಿಧಾನವಾಗಿ ಏರಿ ಇಳಿಯುತ್ತಿದ್ದರೆ ಮೂರೂ ಸಿಲಿಂಡರಿಗೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿದೆ ಎಂದು ಶಂಕಿಸಬೇಕು. ಎಂಜಿನ್ ತಣ್ಣಗಿರುವಾಗ ಸರಿಯಿದ್ದು ಬಿಸಿಯಾದ ಮೇಲೆ ಆಫ್ ಆಗುತ್ತಿದ್ದರೆ, ಜೊತೆಗೆ ಕಪ್ಪು ಹೊಗೆ ಮತ್ತು ಪೆಟ್ರೋಲಿನ ಘಾಟು ಇದ್ದರೆ, ಅದು ಪೆಟ್ರೋಲ್ ಹೆಚ್ಚಾದ ಲಕ್ಷಣ. ಕಾಲಿಟ್ಟಾಗ ಚೆನ್ನಾಗಿ ಓಡಿ, ಕಾಲು ತೆಗೆದೊಡನೆ ದೀಪ ಆರಿದಂತೆ ನಿಲ್ಲುತ್ತಿದ್ದರೆ ಕಾರ್ಬೊರೇಟರಿನ ಸ್ಲೋ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಸಣ್ಣ ತೂತು) ಅಥವಾ ಅದರ ಸೊಲೆನಾಯ್ಡ್ (ಆ ದಾರಿಯನ್ನು ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಕಡೆಗೆ ನೇರವಾಗಿ ಹೋಗಬಹುದು.

ಹಳೆಯ ಮೆಕ್ಯಾನಿಕ್‌ಗಳು ಮಾಡುವ ಇನ್ನೊಂದು ಪರೀಕ್ಷೆಯಿದೆ. ಸೈಲೆನ್ಸರ್ ಬಾಯಿಗೆ ಎರಡು ಬೆರಳಷ್ಟು ದೂರದಲ್ಲಿ ತೆಳು ಕಾಗದದ ಚೂರೊಂದನ್ನು ಹಿಡಿದರೆ ಹೊಗೆಯ ಹೊಡೆತಕ್ಕೆ ಅದು ಸದಾ ಹೊರಕ್ಕೇ ಬಾಗಿರಬೇಕು. ನಡುನಡುವೆ ಒಳಕ್ಕೆ ಎಳೆದುಕೊಂಡು ಪೈಪಿಗೆ ಅಂಟುತ್ತಿದ್ದರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎಂಬ ಶಂಕೆ ಬಲವಾಗುತ್ತದೆ. ಇದನ್ನೇ ತೀರ್ಪೆಂದು ತಿಳಿಯಬಾರದು, ಆದರೆ ಖರ್ಚಿಲ್ಲದೆ ಸಿಗುವ ಸುಳಿವು ಇದು.

ಕೆಲಸಕ್ಕೆ ಮುನ್ನ ಕಾರನ್ನು ಬಯಲಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಪಂಚೆ, ದುಪಟ್ಟಾ, ಸಡಿಲ ತೋಳು ಬೆಲ್ಟಿನ ಹತ್ತಿರ ಸುಳಿಯಬಾರದು, ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದು.

ಗಾಳಿ

ಕಾರ್ಬೊರೇಟರ್ ಅಳೆದು ಕೊಡುವ ಗಾಳಿಯಲ್ಲದೆ ಬೇರೆ ದಾರಿಯಿಂದ ಒಳನುಗ್ಗುವ ಗಾಳಿಯೇ ಐಡ್ಲಿಂಗ್ ಕೆಡಿಸುವ ದೊಡ್ಡ ಕಾರಣ. ವೇಗವಾಗಿ ಹೋಗುವಾಗ ಎಂಜಿನ್ ಎಳೆದುಕೊಳ್ಳುವ ಅಪಾರ ಗಾಳಿಯಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ತಟ್ಟೆ) ಮುಚ್ಚಿರುವಾಗ ಮಾತ್ರ ಸೂಜಿಮೊನೆಯಷ್ಟು ಬಿರುಕೂ ಮಿಶ್ರಣವನ್ನು ಕೆಡಿಸಬಲ್ಲದು. ಓಡುವಾಗ ದೋಷವೇ ಇಲ್ಲದಂತೆ ತೋರಿ ನಿಂತಾಗ ಕಾಡುವುದಕ್ಕೆ ಇದೇ ಕಾರಣ.

ನನ್ನ 1996ರ ಕಾರಿನಲ್ಲಿ ಒಂದು ಮಳೆಗಾಲವಿಡೀ ಈ ತೊಂದರೆ ಇತ್ತು. ಒಂದು ಗ್ಯಾರೇಜಿನಲ್ಲಿ ಕಾರ್ಬೊರೇಟರ್ ಕಿಟ್ ಬದಲಾಯಿತು, ಮತ್ತೊಂದರಲ್ಲಿ ಇಡೀ ಕಾರ್ಬೊರೇಟರೇ ಬದಲಾಗಬೇಕು ಎಂದರು. ಕೊನೆಗೆ ಒಂದು ಭಾನುವಾರ ಎಂಜಿನ್ ಓಡುತ್ತಿರುವಾಗ ಮ್ಯಾನಿಫೋಲ್ಡಿನ (ಕಾರ್ಬೊರೇಟರಿನಿಂದ ಸಿಲಿಂಡರಿಗೆ ಮಿಶ್ರಣ ಒಯ್ಯುವ ಕೊಳವೆ) ಸುತ್ತ ಒಂದೊಂದೇ ಹೋಸ್ ಮುಟ್ಟುತ್ತ ಹೋದೆ. ಬಳಕೆಯಿಲ್ಲದ ಒಂದು ಚಿಕ್ಕ ನಳಿಗೆಯ ಬಾಯಿ ಮುಚ್ಚಿದ್ದ ರಬ್ಬರ್ ಟೋಪಿಯ ಅಡಿಗೆ ಬೆರಳು ಹೋದೊಡನೆ ಬೆರಳ ತುದಿ ಹೀರಿಕೊಂಡಂತೆ ಅಂಟಿತು, ಆ ಕ್ಷಣವೇ ಎಂಜಿನ್ನಿನ ಸದ್ದು ತಗ್ಗಿ ಸಮನಾಯಿತು. ಟೋಪಿ ಮೇಲಿನಿಂದ ಹೊಸದರಂತೆ ಕಾಣುತ್ತಿತ್ತು. ಬಿಸಿಗೆ ಒಣಗಿ ಸೀಳಿದ್ದು ಕಣ್ಣಿಗೆ ಬೀಳದ ಅಡಿಭಾಗ. ಅಂದಿನಿಂದ ರಬ್ಬರನ್ನು ಕಣ್ಣಿನಿಂದ ಪರೀಕ್ಷಿಸುವುದನ್ನು ಬಿಟ್ಟಿದ್ದೇನೆ, ಬಾಗಿಸಿ ನೋಡುತ್ತೇನೆ.

ಪರೀಕ್ಷೆಯ ಕ್ರಮ ಸರಳ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಮ್ಯಾನಿಫೋಲ್ಡಿಗೆ ಸೇರುವ ಒಂದೊಂದೇ ಹೋಸನ್ನು ಬಟ್ಟೆ ಸುತ್ತಿದ ಪ್ಲೈಯರಿನಿಂದ ಮೆಲ್ಲಗೆ ಅದುಮಬೇಕು. ಬ್ರೇಕ್ ಬೂಸ್ಟರ್ ಇದ್ದರೆ ಅದರ ಹೋಸ್ ಅದುಮಿದಾಗ ಎಂಜಿನ್ ಸುಧಾರಿಸಿದರೆ ಸೋರಿಕೆ ಅದರಾಚೆ ಇದೆ. ಎಂಜಿನ್ನಿನೊಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಬಿಡುವ ಪಿಸಿವಿ ವಾಲ್ವಿನ ಹೋಸ್ ಅದುಮಿದಾಗ ವೇಗ ಸ್ವಲ್ಪ ಇಳಿಯುವುದು ಸಹಜ, ಬಹಳ ಇಳಿದು ಸದ್ದು ಸಮನಾದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ ಎಂದರ್ಥ. ಅದನ್ನು ಕಳಚಿ ಅಲ್ಲಾಡಿಸಿದಾಗ ಒಳಗಿನ ತುಂಡು ಕಟಕಟ ಎನ್ನಬೇಕು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ಪೈಪನ್ನು ಕಳಚಿ ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿದರೆ ಎಳೆತ ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಅಲ್ಲಿನ ಡಯಾಫ್ರಾಮ್ ಹರಿದಿದೆ.

ಉಳಿಯುವುದು ಪ್ಯಾಕಿಂಗ್‌ಗಳು. ಕಾರ್ಬೊರೇಟರಿನ ಅಡಿಯ ಪ್ಯಾಕಿಂಗ್ ಮತ್ತು ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರುವ ಜಾಗಕ್ಕೆ ಸ್ಪ್ರೇ ಬಾಟಲಿನಿಂದ ತುಸು ನೀರು ಸಿಂಪಡಿಸಬೇಕು. ನೀರು ಬಿರುಕನ್ನು ಕ್ಷಣಕಾಲ ಮುಚ್ಚುವುದರಿಂದ ಸೋರಿಕೆ ಇದ್ದಲ್ಲಿ ಸದ್ದು ಬದಲಾಗುತ್ತದೆ. ಇದೇ ಪರೀಕ್ಷೆಗೆ ಪೆಟ್ರೋಲ್ ಚಿಮುಕಿಸುವವರಿದ್ದಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ, ಯಾರು ಹೇಳಿದರೂ ಮಾಡಕೂಡದು. ಡಿಸ್ಟ್ರಿಬ್ಯೂಟರ್ ಮೇಲೆ ನೀರು ಬೀಳದಂತೆಯೂ ನೋಡಿಕೊಳ್ಳಬೇಕು. ಅಡಿಯ ನಟ್ಟುಗಳು ಸಡಿಲವಿದ್ದರೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಬೇಕು. ಒಂದೇ ಮೂಲೆಯನ್ನು ಬಲವಾಗಿ ತಿರುಗಿಸಿದರೆ ಅಲ್ಯೂಮಿನಿಯಂ ತಳ ಬಾಗುತ್ತದೆ, ಆಮೇಲೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಗಾಳಿ ಎಳೆಯುತ್ತಲೇ ಇರುತ್ತದೆ. ಥ್ರಾಟಲ್ ತಿರುಗಿಸುವ ಕಡ್ಡಿಯನ್ನು ಬೆರಳಿನಿಂದ ಮೇಲೆ ಕೆಳಗೆ ಅಲುಗಿಸಿದಾಗ ಐಡ್ಲಿಂಗ್ ಬದಲಾದರೆ ಅದರ ಬುಷ್ ಸವೆದಿದೆ. ಇದನ್ನು ಯಾವ ಟ್ಯೂನಿಂಗೂ ಮರೆಮಾಚಲಾರದು, ಕಾರ್ಬೊರೇಟರ್ ಬದಲಿಸುವ ಮಾತಿಗೆ ಅರ್ಥ ಬರುವುದು ಇಲ್ಲಿ ಮಾತ್ರ.

ಕಿಡಿ

ಲಯಬದ್ಧ ಮಿಸ್ಸಿಂಗ್ (ಬಡಿತ ತಪ್ಪುವುದು) ಇದ್ದಾಗ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂಬುದನ್ನು ಮೊದಲು ಗೊತ್ತುಮಾಡಬೇಕು. ಎಂಜಿನ್ ಆಫ್ ಮಾಡಿ, ಒಂದು ಪ್ಲಗ್ ವೈರ್ ಕಳಚಿ, ಅದರ ತುದಿಗೆ ಬೇರೊಂದು ಪ್ಲಗ್ ಸಿಕ್ಕಿಸಿ ಆ ಪ್ಲಗ್ಗನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಭದ್ರಪಡಿಸಿ, ಮತ್ತೆ ಸ್ಟಾರ್ಟ್ ಮಾಡಿ ಕೇಳಬೇಕು. ವೇಗ ಇಳಿದರೆ ಆ ಸಿಲಿಂಡರ್ ದುಡಿಯುತ್ತಿತ್ತು ಎಂದಾಯಿತು. ಏನೂ ವ್ಯತ್ಯಾಸವಾಗದಿದ್ದರೆ ಸೋಮಾರಿ ಅದೇ. ಓಡುವ ಎಂಜಿನ್ನಿನಿಂದ ಬರಿಗೈಯಲ್ಲಿ ವೈರ್ ಕಿತ್ತರೆ ಸಾವಿರಾರು ವೋಲ್ಟಿನ ಹೊಡೆತ ಬೀಳುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಲ್ಲಿ ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಅದನ್ನೇ ಸುಡಬಹುದಾದ್ದರಿಂದ ಈ ಪರೀಕ್ಷೆ ಕೆಲವೇ ಸೆಕೆಂಡು ಮಾತ್ರ.

ಪ್ಲಗ್ಗಿನ ಬಣ್ಣ ಎಂಜಿನ್ನಿನ ಜಾತಕವಿದ್ದಂತೆ. ತಿಳಿ ಕಂದು ಬಣ್ಣ ಸರಿ. ಒಣ ಕಪ್ಪು ಮಸಿ ಪೆಟ್ರೋಲ್ ಹೆಚ್ಚಾದುದಕ್ಕೆ, ಸುಣ್ಣದ ಬಿಳುಪು ಪೆಟ್ರೋಲ್ ಕಡಿಮೆಯಾದುದಕ್ಕೆ, ಜಿಡ್ಡುಜಿಡ್ಡಾದ ಕಪ್ಪು ಆಯಿಲ್ ಮೇಲೇರುತ್ತಿರುವುದಕ್ಕೆ ಗುರುತು. ಮೂರರಲ್ಲಿ ಒಂದೇ ಬೇರೆಯಾಗಿದ್ದರೆ ಆ ಸಿಲಿಂಡರಿನ ದೋಷ, ಮೂರೂ ಒಂದೇ ರೀತಿ ಕೆಟ್ಟಿದ್ದರೆ ಕಾರ್ಬೊರೇಟರಿನ ದೋಷ. ಪ್ಲಗ್ ಗ್ಯಾಪ್ 0.7ರಿಂದ 0.8 ಮಿಲಿಮೀಟರ್ ಇರಬೇಕು.

ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಜೋಡಿಸುವ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್ ಆದರೆ ಟೋಪಿ ತೆಗೆದು ಒಳಗೆ ನೋಡಬೇಕು. ಟೋಪಿಯ ಒಳಮೈಯಲ್ಲಿ ಪೆನ್ಸಿಲಿನಿಂದ ಎಳೆದಂತೆ ಸಣ್ಣ ಕವಲು ಗೆರೆಗಳಿದ್ದರೆ ಕಿಡಿ ಆ ದಾರಿಯಲ್ಲಿ ಸೋರಿಹೋಗುತ್ತಿದೆ. ಒರೆಸಿದರೆ ಹೋಗದು, ಹೊಸ ಟೋಪಿಯೇ ಬೇಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಬರಿಯ ತೇವವೂ ಇದೇ ಕಾಟ ಕೊಡುತ್ತದೆ, ಒಣ ಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದಾಗ ವೈರುಗಳ ಮೈಮೇಲೆ ನೀಲಿ ಮಿಣುಕು ಹರಿದಾಡಿದರೆ ವೈರ್ ಸೆಟ್ ಬದಲಿಸುವ ಕಾಲ ಬಂದಿದೆ. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ದಿಬ್ಬ ಎದ್ದಿದ್ದರೆ ಪಾಯಿಂಟಿನ ಜೊತೆ ಅದು ಸುಡದಂತೆ ಕಾಯುವ ಕಂಡೆನ್ಸರನ್ನೂ ಬದಲಿಸಬೇಕು. ಬಿಸಿಯಾದ ಮೇಲೆ ಮಾತ್ರ ಮಿಸ್ಸಿಂಗ್ ಶುರುವಾಗುವ ಕಾರುಗಳಲ್ಲಿ ಕಂಡೆನ್ಸರನ್ನು ನಾನು ಮೊದಲು ಶಂಕಿಸುತ್ತೇನೆ.

ಪಾಯಿಂಟ್ ಗ್ಯಾಪ್ 0.4ರಿಂದ 0.5 ಮಿಲಿಮೀಟರ್. ಕ್ಯಾಮಿನ ಎತ್ತರದ ತುದಿಯಲ್ಲಿ ಪಾಯಿಂಟ್ ಪೂರ್ತಿ ತೆರೆದಿರುವಾಗ ಫೀಲರ್ ಗೇಜಿನ ಎಲೆ ತುಸುವೇ ಹಿಡಿದು ಜಾರುವಂತೆ ಇಡಬೇಕು. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುವುದರಿಂದ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಕೂಡ ಮುಂಚಿತವಾಗುತ್ತದೆ. ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ತಿರುವುಮುರುವಾದರೆ ಎರಡೂ ಕೆಡುತ್ತವೆ. ಟೈಮಿಂಗನ್ನು ಕಂಪನಿಯ ಕೈಪಿಡಿಯಲ್ಲಿರುವ ಅಂಕಿಗೆ ಟೈಮಿಂಗ್ ಲೈಟ್ ಹಿಡಿದೇ ಕೂರಿಸಬೇಕು. ಲೈಟಿನಲ್ಲಿ ಗುರುತು ಒಂದೆಡೆ ನಿಲ್ಲದೆ ಕುಣಿದಾಡಿದರೆ ಡಿಸ್ಟ್ರಿಬ್ಯೂಟರಿನ ಕಡ್ಡಿಯ ಬುಷ್ ಸವೆದು ಗ್ಯಾಪ್ ಪ್ರತಿ ಸುತ್ತಿಗೂ ಬದಲಾಗುತ್ತಿರಬಹುದು.

ವಾಲ್ವ್ ಮತ್ತು ಕಂಪ್ರೆಷನ್

ವಾಲ್ವನ್ನು ಒತ್ತುವ ಟ್ಯಾಪೆಟ್ ಸಡಿಲವಾದರೆ ಟಕಟಕ ಸದ್ದು ಬರುತ್ತದೆ, ಮಾಲೀಕರು ಗಾಬರಿಯಾಗಿ ಓಡಿಬರುತ್ತಾರೆ. ನಿಜವಾದ ಅಪಾಯ ಸದ್ದಿಲ್ಲದೆ ಬಿಗಿಯಾದ ಟ್ಯಾಪೆಟ್ಟಿನದು. ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಸೋರುತ್ತದೆ, ಐಡ್ಲಿಂಗ್ ಕುಂಟುತ್ತದೆ, ಬಿಸಿಹೊಗೆ ನುಸುಳಿ ವಾಲ್ವಿನ ಅಂಚು ಸುಡುತ್ತದೆ. ಟ್ಯಾಪೆಟ್ ಸೆಟ್ಟಿಂಗನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಗ್ಗೆ ಮೊದಲ ಕೆಲಸವಾಗಿ, ಕೈಪಿಡಿಯ ಅಳತೆಗೆ ಮಾಡುವುದು ಒಳ್ಳೆಯದು.

ಆಮೇಲೂ ಅದೇ ಸಿಲಿಂಡರ್ ಸುಮ್ಮನಿದ್ದರೆ ಕಂಪ್ರೆಷನ್ ಗೇಜ್ ಹಾಕಿಸಬೇಕು. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಚದರ ಸೆಂಟಿಮೀಟರಿಗೆ ಒಂದು ಕೆಜಿ, ಅಂದರೆ ಸುಮಾರು 14 ಪಿಎಸ್‌ಐ ಮೀರಬಾರದು. ಕಡಿಮೆ ಇರುವ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಪ್ಯಾಕಿಂಗ್. ಅಲ್ಲಿಗೆ ಮನೆಯಂಗಳದ ಕೆಲಸ ಮುಗಿಯಿತು, ಹೆಡ್ ಇಳಿಸಲೇಬೇಕು. ಟೈಮಿಂಗ್ ಬೆಲ್ಟ್ ಬದಲಿಸಿದ ಮೇಲೆ ತೊಂದರೆ ಆರಂಭವಾಗಿದ್ದರೆ ಒಂದು ಹಲ್ಲು ತಪ್ಪಿ ಕೂತಿದೆಯೇ ಎಂದು ಎಲ್ಲಕ್ಕಿಂತ ಮುಂಚೆ ನೋಡಬೇಕು.

ವ್ಯಾಕ್ಯೂಮ್ ಗೇಜ್ (ಮ್ಯಾನಿಫೋಲ್ಡಿನ ಎಳೆತ ಅಳೆಯುವ ಸಾಧನ) ಇದ್ದವರಿಗೆ ಒಂದು ಎಚ್ಚರಿಕೆ. ಪುಸ್ತಕಗಳಲ್ಲಿ ಐಡ್ಲಿಂಗ್‌ಗೆ 17ರಿಂದ 21 ಇಂಚು ಪಾದರಸ ಎಂದಿರುವುದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಏರಿದಂತೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ 18 ತೋರಿಸುವ ಕಾರು ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ 15 ತೋರಿಸಿದರೆ ಅದು ದೋಷವಲ್ಲ.

ಪೆಟ್ರೋಲ್

ಕಾಲು ತೆಗೆದೊಡನೆ ಎಂಜಿನ್ ನಿಲ್ಲುವ ಕಾರಿನಲ್ಲಿ ಮೊದಲು ಸೊಲೆನಾಯ್ಡ್ ನೋಡಬೇಕು. ಎಂಜಿನ್ ಓಡಿಸದೆ ಕೀ ಮಾತ್ರ ಆನ್ ಮಾಡಿ, ಕಾರ್ಬೊರೇಟರಿನ ಬದಿಯಲ್ಲಿರುವ ಸೊಲೆನಾಯ್ಡ್ ವೈರನ್ನು ಕಳಚಿ ಮತ್ತೆ ಸಿಕ್ಕಿಸಿದಾಗ ಟಕ್ ಎಂಬ ಸದ್ದು ಬರಬೇಕು. ಬಾರದಿದ್ದರೆ ಟೆಸ್ಟ್ ಲ್ಯಾಂಪ್ ಹಿಡಿದು ವೈರಿಗೆ ಕರೆಂಟ್ ಬರುತ್ತಿದೆಯೇ ಎಂದು ನೋಡಬೇಕು. ಕರೆಂಟ್ ಇದ್ದೂ ಸದ್ದಿಲ್ಲದಿದ್ದರೆ ಸೊಲೆನಾಯ್ಡ್ ಸತ್ತಿದೆ. ಸದ್ದು ಬಂದರೆ ಸ್ಲೋ ಜೆಟ್‌ನಲ್ಲಿ ಕಸ ಕೂತಿರುವ ಸಂಭವ ಹೆಚ್ಚು. ಜೆಟ್ಟನ್ನು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಮತ್ತು ಗಾಳಿಯ ಒತ್ತಡದಿಂದ ಮಾತ್ರ ಶುಚಿಮಾಡಬೇಕು. ಗುಂಡುಸೂಜಿ, ತಂತಿ ತೂರಿಸಿದರೆ ಮೆತ್ತನೆಯ ಹಿತ್ತಾಳೆಯ ತೂತು ಹಿಗ್ಗುತ್ತದೆ, ಆಮೇಲೆ ಕಾರು ಜೀವನಪೂರ್ತಿ ಹೆಚ್ಚು ಕುಡಿಯುತ್ತದೆ. ಕಪ್ಪು ಹೊಗೆಯಿದ್ದರೆ ಚೋಕ್ ಕೇಬಲ್ ಒಳಗೆ ತಳ್ಳಿದಾಗ ಕಾರ್ಬೊರೇಟರಿನ ಮೇಲಿನ ತಟ್ಟೆ ನೆಟ್ಟಗೆ ನಿಂತು ಪೂರ್ತಿ ತೆರೆಯುತ್ತಿದೆಯೇ, ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ, ಕಾರ್ಬೊರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟಿನ ನೀಡಲ್ ಸೋರುತ್ತಿದೆಯೇ ಎಂದು ಕ್ರಮವಾಗಿ ನೋಡಬೇಕು.

ಈಗಿನ ಪೆಟ್ರೋಲೂ ಹಳೆಯದಲ್ಲ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಪಡೆದ, ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥನಾಲ್ ತನ್ನಲ್ಲೇ ಆಮ್ಲಜನಕ ಹೊತ್ತು ಬರುವುದರಿಂದ ಹಿಂದಿನ ಪೆಟ್ರೋಲಿಗೆ ಹೊಂದಿಸಿದ್ದ ಜೆಟ್‌ಗಳಲ್ಲಿ ಮಿಶ್ರಣ ತೆಳುವಾಗುತ್ತದೆ. ನೀರನ್ನೂ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಕೆಡಿಸುತ್ತದೆ, ಟ್ಯಾಂಕಿನ ತಳದ ಗಸಿಯನ್ನು ಕರಗಿಸಿ ಫಿಲ್ಟರಿಗೆ ತಂದು ಹಾಕುತ್ತದೆ. ತಿಂಗಳುಗಟ್ಟಲೆ ನಿಂತಿದ್ದ ಕಾರಾದರೆ ಹಳೆಯ ಪೆಟ್ರೋಲ್ ತೆಗೆದು ಹೊಸ ಫಿಲ್ಟರ್ ಹಾಕದೆ ಬೇರೆ ಯಾವ ಪರೀಕ್ಷೆಗೂ ಇಳಿಯಬಾರದು.

ಕೊನೆಗೆ ಸ್ಕ್ರೂ

ಎಂಜಿನ್ ಚೆನ್ನಾಗಿ ಬಿಸಿಯಾಗಿ, ಚೋಕ್ ಪೂರ್ತಿ ತೆರೆದು, ಏರ್ ಫಿಲ್ಟರ್ ಜಾಗದಲ್ಲೇ ಇದ್ದು, ಹೆಡ್‌ಲೈಟ್ ಮತ್ತು ಎಸಿ ಆಫ್ ಆಗಿರಬೇಕು. ರೇಡಿಯೇಟರ್ ಫ್ಯಾನ್ ತಿರುಗುತ್ತಿದ್ದರೆ ನಿಲ್ಲುವವರೆಗೆ ಕಾಯಬೇಕು. ಐಡ್ಲಿಂಗ್‌ನಲ್ಲಿ ಪೆಟ್ರೋಲಿನ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಈಗ ಎಷ್ಟು ಸುತ್ತಿನಲ್ಲಿದೆ ಎಂಬುದನ್ನು ಎಂಜಿನ್ ಆಫ್ ಮಾಡಿ, ಒಳಕ್ಕೆ ತಿರುಗಿಸುತ್ತ ಎಣಿಸಿ ಬರೆದಿಟ್ಟುಕೊಳ್ಳಬೇಕು. ತಳ ಮುಟ್ಟಿದ್ದು ಬೆರಳಿಗೆ ತಿಳಿದೊಡನೆ ನಿಲ್ಲಿಸಬೇಕು, ಬಿಗಿಮಾಡಿದರೆ ಅದರ ಮೊನೆ ಹಾಳಾಗುತ್ತದೆ. ಅಲ್ಲಿಂದ ಎರಡರಿಂದ ಎರಡೂವರೆ ಸುತ್ತು ಹೊರಕ್ಕೆ ತೆಗೆದರೆ ಆರಂಭಕ್ಕೆ ಸಾಕು. ಎಂಜಿನ್ ಸ್ಟಾರ್ಟ್ ಮಾಡಿ, ಕಾಲು ಸುತ್ತಿನಂತೆ ತಿರುಗಿಸುತ್ತ, ಪ್ರತಿ ಬಾರಿಯೂ ಹತ್ತು ಸೆಕೆಂಡು ಕಾಯುತ್ತ, ವೇಗ ಅತಿ ಹೆಚ್ಚು ಮತ್ತು ಸದ್ದು ಅತಿ ಸಮ ಆಗುವ ಜಾಗವನ್ನು ಹುಡುಕಬೇಕು. ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ವೇಗವನ್ನು 900ರ ಆಸುಪಾಸಿಗೆ ಇಳಿಸಿ, ಮತ್ತೆ ಮಿಕ್ಸ್ಚರ್ ನೋಡಬೇಕು. ಎರಡು ಮೂರು ಬಾರಿ ಹೀಗೆ ಮಾಡಿದರೆ ಎರಡೂ ಒಂದಕ್ಕೊಂದು ಹೊಂದುತ್ತವೆ. ಬಹುತೇಕ ಮಾರುತಿ 800ರಲ್ಲಿ ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರ್ ಇಲ್ಲ, ಟ್ಯೂನಿಂಗ್ ಮೀಟರನ್ನು ಎರವಲು ತರುವುದು ವಾಸಿ.

ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಕ್ಕೆ ಹೋದರೂ ಎಂಜಿನ್ ನಿಲ್ಲದಿದ್ದರೆ ಪೆಟ್ರೋಲ್ ಬೇರೆ ದಾರಿಯಿಂದ ಬರುತ್ತಿದೆ: ಐಡ್ಲಿಂಗ್ ಸ್ಕ್ರೂ ಅತಿಯಾಗಿ ಏರಿದೆ ಅಥವಾ ಫ್ಲೋಟ್ ತುಂಬಿ ಸೋರುತ್ತಿದೆ. ನಾಲ್ಕೈದು ಸುತ್ತು ಹೊರಕ್ಕೆ ಬಂದರೂ ಸಮಾಧಾನವಾಗದಿದ್ದರೆ ಗಾಳಿಯ ಸೋರಿಕೆ ಅಥವಾ ಸ್ಲೋ ಜೆಟ್‌ನ ಕಸ ಇನ್ನೂ ಉಳಿದಿದೆ, ಹಿಂದಿನ ಭಾಗಕ್ಕೇ ಮರಳಬೇಕು. ಎಂಪಿಎಫ್‌ಐ ಕಾರಿನಲ್ಲಿ ಈ ಸ್ಕ್ರೂಗಳ ಮಾತೇ ಇಲ್ಲ. ಅಲ್ಲಿ ಥ್ರಾಟಲ್ ಬಾಡಿಯ ಮಸಿ ತೆಗೆದು, ಐಡ್ಲಿಂಗ್ ಗಾಳಿಯ ವಾಲ್ವ್ ಶುಚಿಮಾಡಿ, ಆಮೇಲೂ ಸರಿಯಾಗದಿದ್ದರೆ ಸ್ಕ್ಯಾನರ್ ಇರುವಲ್ಲಿಗೆ ಒಯ್ಯಬೇಕು.

ಮುಗಿದ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿದಾಗಲೂ ಎಂಜಿನ್ ನಿಲ್ಲದೆ ಓಡುತ್ತಿದೆಯೇ ಎಂದು ನೋಡಿ, ನೇರವಾಗಿ ಎಮಿಷನ್ ಟೆಸ್ಟಿಗೆ ಹೋಗುವುದು ಉತ್ತಮ. ಈ ತಲೆಮಾರಿನ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡಿನ ಮಿತಿ ಶೇಕಡ 3. ಅಲ್ಲಿ ಸಿಗುವ ಅಂಕಿ ಮಿಶ್ರಣದ ಬಗ್ಗೆ ಕಿವಿ ಹೇಳಲಾರದ್ದನ್ನು ಹೇಳುತ್ತದೆ. ಆ ಅಂಕಿಯನ್ನೂ ಮಿಕ್ಸ್ಚರ್ ಸ್ಕ್ರೂ ಎಷ್ಟು ಸುತ್ತಿನಲ್ಲಿದೆ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಕಾರಿನ ಕೈಪಿಡಿಯೊಳಗೆ ಇಟ್ಟಿರುತ್ತೇನೆ. ಮುಂದಿನ ಬಾರಿ ಯಾರಾದರೂ ನನ್ನನ್ನು ಕೇಳದೆ ಸ್ಕ್ರೂ ತಿರುಗಿಸಿದರೆ ಮರಳಿ ಎಲ್ಲಿಗೆ ತರಬೇಕೆಂಬುದಕ್ಕೆ ಆ ಚೀಟಿಯೇ ಆಧಾರ.